ಕಾಲುಸಂಕಕ್ಕೂ ಜಾಗವಿರುವ ನಕ್ಷೆ: ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದ ಅನುಭವ

ಶಿರಸಿ ಸೀಮೆಯ ಒಳಹಳ್ಳಿಯಲ್ಲಿ ವಾಸಿಸುತ್ತ, ಕೆಲಸಕ್ಕೆಂದು ಕುಮಟಾ, ಅಂಕೋಲಾ, ಕಾರವಾರದ ಕಡೆ ಮೇಲಿಂದ ಮೇಲೆ ಘಟ್ಟ ಇಳಿಯುವವರಿಗೆ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಪ್ರಯೋಜನಕ್ಕೆ ಬರುತ್ತದೆಯೇ? ಬರುತ್ತದೆ, ಬಳಸುವವರೇ ಸ್ವಲ್ಪ ಮೈ ಬಗ್ಗಿಸುವುದಾದರೆ. ಸಿದ್ಧ ಅಡುಗೆಗೆ ಕೂರುವವರಿಗೆ ಇದು ಹಿಡಿಸುವುದು ಕಷ್ಟ. ಈ ನಕ್ಷೆಯನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ, ತಿದ್ದುತ್ತಿದ್ದೇನೆ, ಆಗಾಗ ಬೈದುಕೊಂಡೂ ಇದ್ದೇನೆ.

ಇದನ್ನು 2004ರಲ್ಲಿ ಆರಂಭಿಸಿದವರು ಬ್ರಿಟನ್ನಿನ ಸ್ಟೀವ್ ಕೋಸ್ಟ್. ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆಯ ನಕ್ಷೆಗಳಿಗೆ ಹಣ ಕೊಡಬೇಕಿತ್ತು, ಕೊಟ್ಟರೂ ಬಳಕೆಗೆ ನೂರೆಂಟು ಕಟ್ಟಳೆ. ಜನರೇ ಸೇರಿ ನಕ್ಷೆ ಬರೆದರೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ವಿಕಿಪೀಡಿಯ 2001ರಲ್ಲೇ ಶುರುವಾಗಿ ಆ ಹೊತ್ತಿಗೆ ದಾರಿ ತೋರಿಸಿತ್ತು. ಅದೇ 2004ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಸಮ್ಮೇಳನದಿಂದ ‘ವೆಬ್ 2.0’, ಅಂದರೆ ನೋಡುವವರೂ ಕೈ ಸೇರಿಸುವ ಹೊಸ ಬಗೆಯ ಜಾಲತಾಣ, ಎಂಬ ಹೆಸರು ಎಲ್ಲರ ಬಾಯಿಗೆ ಬಂತು. ಆಮೇಲೆ ಗುಂಡಗಿನ ಅಂಚಿನ ಬಟನ್ ಇಟ್ಟವರೆಲ್ಲ, ಮೆಚ್ಚುಗೆಯ ಹೆಬ್ಬೆರಳು ಅಂಟಿಸಿದವರೆಲ್ಲ ತಮ್ಮ ಸೈಟು ಹೊಸ ಕಾಲದ್ದು ಎಂದು ಹೇಳಿಕೊಂಡರು. ನಾನು ಅಷ್ಟಕ್ಕೆ ಒಪ್ಪುವುದಿಲ್ಲ. ನಾನು ಸೇರಿಸಿದ್ದು ಆ ಸೈಟಿನ ಮೂಲ ಸರಕನ್ನೇ ಬದಲಿಸಬೇಕು, ಬದಲಿಸಿದವರು ಯಾರು ಎಂಬುದು ಎಲ್ಲರಿಗೂ ಕಾಣಬೇಕು, ಬೇಕೆಂದಾಗ ಅದನ್ನು ಹೊರಗೆ ಕೊಂಡೊಯ್ಯಲು ಬರಬೇಕು. ಹೆಬ್ಬೆರಳು ಒತ್ತಿದರೆ ಲೆಕ್ಕ ಒಂದು ಏರುತ್ತದೆ, ಸರಕು ಇದ್ದಂತೆಯೇ ಇರುತ್ತದೆ.

ನಕ್ಷೆಯನ್ನು ಬೆರಳಿನಿಂದ ಎಳೆದಾಡುವ ಸುಖವನ್ನೇ ದೊಡ್ಡದೆಂದು ತಿಳಿದವರೂ ಇದ್ದಾರೆ. ಒಂದು ಕಾಲಕ್ಕೆ ಅದೂ ದೊಡ್ಡದೇ ಆಗಿತ್ತು. ಮೊದಲಿನ ಆನ್‌ಲೈನ್ ನಕ್ಷೆಗಳಲ್ಲಿ ಪಕ್ಕಕ್ಕೆ ಸರಿಯಬೇಕೆಂದರೆ ಬಾಣದ ಗುರುತು ಒತ್ತಿ, ಇಡೀ ಪುಟ ಮತ್ತೆ ತೆರೆಯುವವರೆಗೆ ಕಾಯಬೇಕಿತ್ತು. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಪುಟ ಕದಲದಂತೆ ಬೇಕಾದ ಚೂರನ್ನಷ್ಟೇ ಹಿನ್ನೆಲೆಯಲ್ಲಿ ತರಿಸಿಕೊಳ್ಳುವ ವಿಧಾನಕ್ಕೆ ‘ಅಜಾಕ್ಸ್’ ಎಂಬ ಹೆಸರು ಬಿದ್ದದ್ದೂ ಅದೇ ವರ್ಷ. ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ ಭೂಮಿಯನ್ನು 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಬಿಲ್ಲೆಗಳಾಗಿ ಕತ್ತರಿಸಿಡುತ್ತದೆ. ಒಂದು ಹಂತ ಹತ್ತಿರ ಹೋದಂತೆ ಒಂದು ಬಿಲ್ಲೆಯ ಜಾಗದಲ್ಲಿ ನಾಲ್ಕು ಬರುತ್ತವೆ. ಪರದೆಗೆ ಬೇಕಾದಷ್ಟು ಬಿಲ್ಲೆಗಳು ಮಾತ್ರ ಇಳಿಯುವುದರಿಂದ, ಅಂಗಳದ ತುದಿಗೆ ಹೋದರೆ ಮಾತ್ರ ಸಿಗ್ನಲ್ ಸಿಗುವ ನಮ್ಮಂಥ ಊರುಗಳಲ್ಲಿಯೂ ಹೇಗೋ ನಡೆಯುತ್ತದೆ.

ಇನ್ನು ನನಗೆ ಇದು ಹಿಡಿಸಿದ ಕಾರಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊರೆಂದರೆ ತೋಟದ ಅಂಚಿನುದ್ದಕ್ಕೂ ಚದುರಿಕೊಂಡ ಕೆಲವೇ ಮನೆಗಳು. ಹೊಳೆಯ ಆಚೆ ದಡದ ಮನೆ ಕಣ್ಣಿಗೆ ಕಾಣುತ್ತದೆ, ಡಾಂಬರು ರಸ್ತೆಯಲ್ಲಿ ಹೋದರೆ ಮೈಲಿಗಟ್ಟಲೆ ಸುತ್ತು. ನಡುವೆ ಇರುವುದು ಕಾಲುಸಂಕ, ನಡೆದು ದಾಟುವ ಕಿರುಸೇತುವೆ. ಕೆಲವು ಸಿಮೆಂಟಿನವು, ಕೆಲವು ಕಬ್ಬಿಣದ ತೂಗುಸಂಕಗಳು, ಇನ್ನು ಕೆಲವು ಅಡಿಕೆ ಮರದ ದಬ್ಬೆ ಹಾಸಿ ಮಳೆಗಾಲಕ್ಕೆ ಮುಂಚೆ ಊರವರೇ ಕಟ್ಟಿಕೊಳ್ಳುವಂಥವು. ಕಾರು ಓಡದ ದಾರಿಯಿಂದ ಯಾರಿಗೂ ವ್ಯಾಪಾರವಿಲ್ಲ, ಹಾಗಾಗಿ ವ್ಯಾಪಾರದ ನಕ್ಷೆಗಳಲ್ಲಿ ಇವು ಕಾಣುವುದು ಅಪರೂಪ. ಇಲ್ಲಿ ಎರಡು ಚುಕ್ಕೆಯ ನಡುವೆ ಗೆರೆ ಎಳೆದು, ಕಾಲುದಾರಿ ಎಂದೂ ಸೇತುವೆ ಎಂದೂ ಗುರುತು ಕೊಟ್ಟು, ಯಾವ ಕಾಲದಲ್ಲಿ ಮಾತ್ರ ಇರುತ್ತದೆ ಎಂಬುದನ್ನೂ ಬರೆದು ಉಳಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಅದು ಲೋಕಕ್ಕೆಲ್ಲ ಕಾಣುತ್ತದೆ. ಅರ್ಜಿ ಹಾಕುವುದಿಲ್ಲ, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಕ್ಕೆ ಕಾಯುವುದಿಲ್ಲ. ಕೆಳಗಿನ ಕೇರಿಯ ಅಜ್ಜ ಒಬ್ಬರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ತಮ್ಮ ಮನೆಯ ಹಿಂದಿನ ಸಂಕವನ್ನು ನೋಡಿದರು. “ತಮಾ, ಇದು ಹೋದ ವರ್ಷ ಕೊಚ್ಚಿಹೋಗಿದೆಯಲ್ಲ, ಈಗಿನದು ಇನ್ನೊಂದು ಮಾರು ಮೇಲಿದೆ” ಎಂದರು. ಉಪಗ್ರಹಕ್ಕೆ ಗೊತ್ತಿಲ್ಲದ ಸುದ್ದಿ ಅದು. ಅಲ್ಲೇ ನಿಂತು ಗೆರೆಯನ್ನು ಸರಿಸಿದ್ದಾಯಿತು.

ಗೆರೆ ಎಳೆಯುವುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಬಯಲುಸೀಮೆಯಲ್ಲಿ ಉಪಗ್ರಹ ಚಿತ್ರದ ಮೇಲೆ ರಸ್ತೆಯನ್ನು ತಿದ್ದಿಕೊಂಡು ಹೋದರೆ ಮುಗಿಯಿತು. ನಮ್ಮಲ್ಲಿ ಮೇಲಿನಿಂದ ನೋಡಿದರೆ ಅಡಿಕೆಯ ತಲೆಗಳು, ಅದರಾಚೆ ಕಾಡಿನ ಹಸಿರು, ಅಷ್ಟೇ. ಜಿಪಿಎಸ್ ಹಿಡಿದು ನಡೆಯಬೇಕು. ದಟ್ಟ ಮರಗಳಡಿ ಅದೂ ಅಡ್ಡಾದಿಡ್ಡಿ ಅಲೆಯುತ್ತದೆ, ಒಂದೇ ದಾರಿಯಲ್ಲಿ ಹೋಗಿ ಬಂದು ಎರಡು ಜಾಡಿನ ನಡುವನ್ನು ಹಿಡಿಯಬೇಕಾಗುತ್ತದೆ. ಬೇರೆ ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಆ ನಿಯಮ ಕಟ್ಟುನಿಟ್ಟು.

ಯಾರು ಬೇಕಾದರೂ ತಿದ್ದಬಹುದೆಂದರೆ ಯಾರು ಬೇಕಾದರೂ ಕೆಡಿಸಬಹುದಲ್ಲವೇ? ಕೆಡಿಸಬಹುದು. ಎಲ್ಲೋ ದೂರದಲ್ಲಿ ಕುಳಿತು ಚಿತ್ರ ನೋಡಿ ಗೆರೆ ಎಳೆಯುವವರೊಬ್ಬರು ನಮ್ಮ ಕಡೆಯ ತೋಟದ ಬಂಡಿದಾರಿಯೊಂದನ್ನು ಸಾರ್ವಜನಿಕ ರಸ್ತೆಯಾಗಿ ಬಡ್ತಿ ಕೊಟ್ಟಿದ್ದರು. ಜಲಪಾತ ಹುಡುಕಿ ಬಂದ ಕಾರುಗಳು ಅಡಿಕೆ ಒಣಗಿಸುವ ಅಂಗಳಕ್ಕೆ ಬಂದು ನಿಲ್ಲತೊಡಗಿದವು. ಆದರೆ ಇಲ್ಲಿ ಪ್ರತಿಯೊಂದು ಗೆರೆಗೂ ಚರಿತ್ರೆ ಇದೆ: ಯಾವಾಗ, ಯಾವ ಖಾತೆಯಿಂದ, ಏನು ಬದಲಾಯಿತು ಎಲ್ಲವೂ ತೆರೆದಿಟ್ಟಿದೆ. ಆ ಬದಲಾವಣೆಯ ಕೆಳಗೇ ‘ಇದು ಖಾಸಗಿ ದಾರಿ’ ಎಂದು ಬರೆದೆ. ಅವರು ಕ್ಷಮೆ ಕೇಳಿ ತಾವೇ ತಿದ್ದಿದರು. ಮತ್ತೊಂದು ಹೆಸರಾಂತ ನಕ್ಷೆಯಲ್ಲಿ ಇದೇ ಬಗೆಯ ತಪ್ಪನ್ನು ವರದಿ ಮಾಡಿದಾಗ ಬಂದದ್ದು ‘ಧನ್ಯವಾದ’ ಎಂಬ ಒಂದು ಸಾಲು ಮಾತ್ರ. ಯಾರು ಓದಿದರು, ಓದಿದರೋ ಇಲ್ಲವೋ, ದೇವರೇ ಬಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಎಲ್ಲರಿಗೂ ನೆನಪಿದೆ. ಇಂಥ ಹೊತ್ತಿನಲ್ಲಿ ನಕ್ಷೆಯ ಒಳಗಿನ ಕೆಲಸ ಹೇಗೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಎರಡು ಸೇತುವೆಗಳು ಅಕ್ಕಪಕ್ಕ ಇದ್ದು, ಒಂದೊಂದೂ ಒಂದೊಂದು ದಿಕ್ಕಿನ ವಾಹನಗಳಿಗೆ ಮೀಸಲಾಗಿರುವಾಗ, ಬಿದ್ದದ್ದರ ಗೆರೆ ತೆಗೆದರೆ ಸಾಲದು. ಉಳಿದ ಹೊಸ ಸೇತುವೆಗಿರುವ ‘ಏಕಮುಖ’ ಗುರುತನ್ನೂ ತೆಗೆಯಬೇಕು. ಮರೆತರೆ ಒಂದು ದಿಕ್ಕಿನಿಂದ ಬರುವವರಿಗೆ ಸೇತುವೆಯೇ ಇಲ್ಲದಂತಾಗಿ, ಆ್ಯಪ್ ಅವರನ್ನು ಹೊಳೆಯ ಮೇಲ್ದಂಡೆ ಹಿಡಿದು ಕದ್ರಾ ಕಡೆಯಿಂದ ಸುತ್ತಿ ಬರಲು ಹೇಳುತ್ತದೆ. ಪರದೆಯ ಮೇಲೆ ಕಾಣುವ ಚಿತ್ರದ ಹಿಂದೆ ಹೀಗೆ ಒಂದಕ್ಕೊಂದು ಹೆಣೆದ ಮಾಹಿತಿ ಇದೆ. ನಾವು ತಿದ್ದುವುದು ಚಿತ್ರವನ್ನಲ್ಲ, ಆ ಮಾಹಿತಿಯನ್ನು.

ಅದೇ ವರ್ಷದ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗಿನಂಥ ಸಂದರ್ಭಕ್ಕೆ ಮಾತ್ರ ಇದನ್ನು ನೆಚ್ಚಬೇಡಿ. ಈ ಹೊತ್ತು ಎಲ್ಲಿ ವಾಹನ ಸಾಲುಗಟ್ಟಿದೆ ಎಂದು ಇದು ಹೇಳುವುದಿಲ್ಲ. ತಾತ್ಕಾಲಿಕ ತಡೆಗಳನ್ನು ನಕ್ಷೆಗೆ ಹಾಕದಿರುವುದೇ ಇಲ್ಲಿನ ರೂಢಿ: ನಕ್ಷೆಯನ್ನು ಫೋನಿಗೆ ಇಳಿಸಿಕೊಂಡವರ ಬಳಿ ಹಳೆಯ ಪ್ರತಿಯೇ ವಾರಗಟ್ಟಲೆ ಉಳಿಯುವುದರಿಂದ, ತೆರೆದ ರಸ್ತೆಯೂ ಅವರಿಗೆ ಮುಚ್ಚಿದಂತೆಯೇ ಕಾಣುತ್ತಿರುತ್ತದೆ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ತೆರೆದಿದೆಯೇ ಎಂದು ತಿಳಿಯಲು ಈಗಲೂ ಕುಮಟಾದಲ್ಲಿ ಪರಿಚಯದವರಿಗೆ ಫೋನು ಮಾಡುವುದೇ ಸರಿ.

ಕನ್ನಡದ ವಿಷಯಕ್ಕೆ ಬಂದರೆ ಬೇಸರವಿದೆ. ಒಂದೇ ಜಾಗಕ್ಕೆ ಹಲವು ಭಾಷೆಯ ಹೆಸರು ತುಂಬುವ ಸೌಲಭ್ಯ ಚೆನ್ನಾಗಿದೆ. ಹಾಗೆ ತುಂಬಿದ ಊರನ್ನು ಕನ್ನಡದಲ್ಲಿ ಬರೆದು ಹುಡುಕಿದರೂ ಸಿಗುತ್ತದೆ. ಆದರೆ ಭಾರತದಲ್ಲಿ ಮುಖ್ಯ ಹೆಸರಿನ ಜಾಗಕ್ಕೆ ಹೆಚ್ಚಿನವರು ಇಂಗ್ಲಿಷ್ ರೂಪವನ್ನೇ ಹಾಕುತ್ತಾರೆ, ಮಾಮೂಲು ನಕ್ಷೆಯಲ್ಲಿ ಕಾಣುವುದೂ ಅದೇ. ಕನ್ನಡದ ಜಾಗ ಖಾಲಿ ಬಿಟ್ಟ ಮಜರೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟೋ ಇವೆ. ವಸ್ತುಗಳಿಗೆ ಕೊಡುವ ಗುರುತುಗಳೂ ಬ್ರಿಟಿಷ್ ಇಂಗ್ಲಿಷಿನವು, ಅಲ್ಲಿನ ನೆಲಕ್ಕೆ ಹೊಂದುವಂಥವು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಕಾಡು ಎನ್ನುವುದೋ ತೋಟದ ಭಾಗ ಎನ್ನುವುದೋ? ಅಘನಾಶಿನಿ ಹೊಳೆಯಂಚಿನ ತಗ್ಗು ನೆಲ, ನಮ್ಮವರು ಗಜನಿ ಎನ್ನುವುದು, ಮಳೆಗಾಲದಲ್ಲಿ ಭತ್ತದ ಗದ್ದೆ, ಉಳಿದ ಕಾಲಕ್ಕೆ ಸೀಗಡಿಯ ಉಪ್ಪುನೀರು. ಅದಕ್ಕೆ ಒಂದೇ ಗುರುತು ಕೊಡಿ ಎಂದರೆ ಏನು ಕೊಡುವುದು?

ಹೊರಗೆ ಕೊಂಡೊಯ್ಯುವ ವಿಷಯದಲ್ಲಿ ಮಾತ್ರ ಇದಕ್ಕೆ ಪೂರ್ಣ ಅಂಕ. 2012ರಿಂದ ಇಲ್ಲಿನ ಮಾಹಿತಿ ಮುಕ್ತ ದತ್ತಾಂಶದ ಪರವಾನಗಿಯಡಿ ಇದೆ. ಮೂಲವನ್ನು ಹೆಸರಿಸಿ, ಮಾಹಿತಿಯನ್ನು ಬೆಳೆಸಿ ಹಂಚಿದರೆ ಅದನ್ನೂ ಮುಕ್ತವಾಗಿಡುವುದಾದರೆ, ಇಡೀ ಭೂಮಿಯ ಕಡತವನ್ನೇ ಇಳಿಸಿಕೊಳ್ಳಬಹುದು. ಒಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳು ನಿಂತಿರುವುದು ಇದರ ಮೇಲೆಯೇ. ನಾನು ಎಳೆದ ಕಾಲುಸಂಕ ನಾನು ಎಂದೂ ತೆರೆಯದ ಆ್ಯಪ್‌ನಲ್ಲಿಯೂ ಕಾಣುತ್ತದೆ.

ಹೊಸಬರು ಮೊಬೈಲಿನ ಬ್ರೌಸರ್‌ನಲ್ಲಿ ತಿದ್ದಲು ಹೋಗಿ ಬೇಸತ್ತುಕೊಳ್ಳಬೇಡಿ, ಆ ಸಾಧನ ದೊಡ್ಡ ಪರದೆಗೆ ಹೇಳಿ ಮಾಡಿಸಿದ್ದು. ಆಂಡ್ರಾಯ್ಡ್ ಫೋನಿದ್ದರೆ ಸ್ಟ್ರೀಟ್‌ಕಂಪ್ಲೀಟ್ ಹಾಕಿಕೊಳ್ಳಿ. ನಿಂತ ಜಾಗದ ಬಗ್ಗೆ ಅದು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರಿನದೋ ಮಣ್ಣಿನದೋ, ಈ ಬಸ್ ನಿಲ್ದಾಣಕ್ಕೆ ಚಾವಣಿ ಇದೆಯೇ. ಉತ್ತರಿಸುತ್ತ ಹೋದರೆ ನಕ್ಷೆ ತುಂಬುತ್ತದೆ. ಗೆರೆ ಎಳೆಯುವ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಮಾಡಿ. ನಕ್ಷೆಯನ್ನು ಮೇ ತಿಂಗಳೊಳಗೇ ಫೋನಿಗೆ ಇಳಿಸಿಟ್ಟುಕೊಳ್ಳಿ. ಜೂನಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ.