ಹಳೆಯ ಏರ್ ರೈಫಲ್‌ಗೆ ಪೆಲೆಟ್ ಸೈಜಿಂಗ್ ಡೈ: ದೀರ್ಘ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ: ಸೈಜಿಂಗ್ ಡೈ (ಏರ್ ರೈಫಲ್‌ನ ಸೀಸದ ಗುಂಡಾದ ಪೆಲೆಟ್ಟನ್ನು ತೂರಿಸಿ ಅಳತೆಗೆ ತರುವ ಉಕ್ಕಿನ ಅಚ್ಚು) ಕೆಟ್ಟ ಪೆಲೆಟ್ಟನ್ನು ಒಳ್ಳೆಯದು ಮಾಡುವುದಿಲ್ಲ. ಒಂದೇ ಡಬ್ಬಿಯ ಪೆಲೆಟ್‌ಗಳು ಒಂದೊಂದು ಒಂದೊಂದು ಅಳತೆಯಲ್ಲಿದ್ದರೆ ಎಲ್ಲವನ್ನೂ ಒಂದೇ ಅಳತೆಗೆ ತರುತ್ತದೆ, ಅಷ್ಟೇ. ಅಷ್ಟಕ್ಕೆ ದುಡ್ಡು ಕೊಡಬೇಕೇ ಎಂಬುದು ನಿಮ್ಮ ರೈಫಲ್ ಯಾವುದು, ಹಾಕುವ ಪೆಲೆಟ್ ಯಾವುದು ಎನ್ನುವುದರ ಮೇಲಿದೆ.

ನನ್ನದು ಫೈನ್‌ವರ್ಕ್‌ಬಾವ್ 300ಎಸ್. ಪಕ್ಕದ ಸನ್ನೆ ಎಳೆದು ಸ್ಪ್ರಿಂಗ್ ಬಿಗಿಸುವ, ಐದು ಕಿಲೋ ಹತ್ತಿರ ತೂಗುವ ಜರ್ಮನ್ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯ ರೈಫಲ್. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆ ಒಲಿಂಪಿಕ್ಸ್‌ಗೆ ಬಂದದ್ದೇ 1984ರಲ್ಲಿ. ಈ ಮಾದರಿ ಅದಕ್ಕಿಂತ ಹಿರಿಯದು. ಕುದುರೆ (ಟ್ರಿಗರ್) ಎಳೆದಾಗ ಇಡೀ ಯಂತ್ರಭಾಗ ಹಳಿಯ ಮೇಲೆ ಹಿಂದಕ್ಕೆ ಜಾರುವುದರಿಂದ ಭುಜಕ್ಕೆ ಒದೆತವೇ ತಿಳಿಯುವುದಿಲ್ಲ. ಸಿಲಿಂಡರಿನ ಗಾಳಿಯಲ್ಲಿ ನಡೆಯುವ ಹೊಸ ರೈಫಲ್ ಹಿಡಿದ ಹುಡುಗರು ರೇಂಜಿನಲ್ಲಿ ಇದನ್ನು ನೋಡಿ ನಗುತ್ತಾರೆ. ನಗಲಿ.

ತೊಂದರೆ ಇರುವುದು ಪೆಲೆಟ್ಟಿನಲ್ಲಿ. ಹತ್ತು ಮೀಟರ್ ಗುರಿಹಲಗೆಯ ಹತ್ತರ ಚುಕ್ಕೆಯ ಅಗಲ 0.5 ಮಿಲಿಮೀಟರ್. ದುಬಾರಿ ಮ್ಯಾಚ್ ಪೆಲೆಟ್‌ಗಳ ಡಬ್ಬಿಯ ಮೇಲೆ ತಲೆಯ ಅಳತೆಯನ್ನು 4.49, 4.50 (ಮಿಲಿಮೀಟರ್) ಎಂದು ಅಚ್ಚು ಹಾಕಿರುತ್ತಾರೆ, ಒಳಗಿರುವುದೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ದಿನದ ಅಭ್ಯಾಸಕ್ಕೆ ನಾನು ತರುವ ಅಗ್ಗದ ಡಬ್ಬಿಯಲ್ಲಿ ಆ ಶಿಸ್ತು ಇಲ್ಲ. ಒಂದು ಪೆಲೆಟ್ ಬೆರಳು ಮುಟ್ಟಿಸಿದರೆ ನಳಿಗೆಯೊಳಗೆ ಕೂರುತ್ತದೆ, ಮುಂದಿನದನ್ನು ಹೆಬ್ಬೆರಳಿನಿಂದ ಅದುಮಬೇಕು.

ಡೈ ಮಾಡಿಕೊಟ್ಟದ್ದು ಪೀಣ್ಯದ ಒಂದು ಸಣ್ಣ ಟೂಲ್ ರೂಮ್. ಗಟ್ಟಿ ಮಾಡಿದ ಉಕ್ಕಿನ ಗಿಡ್ಡ ಉರುಳೆ, ನಡುವೆ ಲ್ಯಾಪ್ ಮಾಡಿದ (ನುಣುಪಾಗಿ ಉಜ್ಜಿ ಅಳತೆಗೆ ತಂದ) ತೂತು, ಬಾಯಿಯಲ್ಲಿ ಸ್ವಲ್ಪ ಇಳಿಜಾರು. ಜೊತೆಗೆ ಮರದ ಹಿಡಿಯ ತಳ್ಳುಕೋಲು. ತೂತಿನ ಅಳತೆಯ ಬಗ್ಗೆ ನಾನು ಯಾರ ಮಾತನ್ನೂ ನಂಬುವವನಲ್ಲ, ಅಲ್ಲೇ ಪಿನ್ ಗೇಜ್ (ತೂತು ಅಳೆಯುವ ನಿಖರ ಅಳತೆಯ ಉಕ್ಕಿನ ಕಡ್ಡಿಗಳು) ಕೇಳಿದೆ. 4.50ರ ಪಿನ್ನು ತನ್ನ ಭಾರಕ್ಕೆ ತಾನೇ ಇಳಿಯಿತು, 4.51ರದ್ದು ಬಾಯಲ್ಲೇ ನಿಂತಿತು. ಇದಕ್ಕಿಂತ ಒಳ್ಳೆಯ ರಸೀದಿ ಬೇಡ. ಡಿಜಿಟಲ್ ವರ್ನಿಯರ್ ಹಿಡಿದು ಪೆಲೆಟ್ ಅಳೆಯುವವರನ್ನು ಕಂಡರೆ ಮಾತ್ರ ನನಗೆ ಕನಿಕರ. ಸೀಸ ಎಷ್ಟು ಮೆತ್ತಗೆಂದರೆ ದವಡೆ ತಾಗಿದಲ್ಲೇ ತಗ್ಗು ಬೀಳುತ್ತದೆ.

ತೋಟಾ ಮರುತುಂಬುವವರ ನೆಕ್ ಸೈಜಿಂಗ್ ಡೈಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಒತ್ತುವುದು ತೋಟಾದ ಹಿತ್ತಾಳೆ ಕೋಶದ ಕತ್ತನ್ನು. ಹಿತ್ತಾಳೆ ಒತ್ತಿ ಬಿಟ್ಟರೆ ತುಸು ಹಿಂದಕ್ಕೆ ಹಿಗ್ಗುತ್ತದೆ, ಆದ್ದರಿಂದ ತೂತನ್ನು ಬೇಕಾದ್ದಕ್ಕಿಂತ ಕಿರಿದಾಗಿ ಇಡಬೇಕು. ಸೀಸ ಹೆಚ್ಚುಕಡಿಮೆ ಒತ್ತಿದಲ್ಲೇ ನಿಲ್ಲುತ್ತದೆ, ತೂತಿನ ಅಳತೆಯೇ ಪೆಲೆಟ್ಟಿನ ಅಳತೆ.

ಯಾವ ಅಳತೆ ಬೇಕೆಂದು ನಳಿಗೆಯನ್ನೇ ಕೇಳಬೇಕು. ಸ್ಪ್ರಿಂಗ್ ಬಿಗಿಸದೆ, ಕ್ಲೀನಿಂಗ್ ರಾಡಿನಿಂದ ಒಂದು ಪೆಲೆಟ್ಟನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ತಳ್ಳಿ, ಹೊರಬಂದದ್ದನ್ನು ಭೂತಗನ್ನಡಿಯಲ್ಲಿ ನೋಡಿ. ತಲೆಯ ಸುತ್ತ ರೈಫ್ಲಿಂಗಿನ (ನಳಿಗೆಯ ಒಳಗಿನ ಸುರುಳಿ ಗೀರುಗಳ) ಗೆರೆಗಳು ಸಮವಾಗಿ ಮೂಡಿದ್ದರೆ ಸರಿ. ಒಂದು ಪಕ್ಕದಲ್ಲಿ ಆಳವಾಗಿ, ಇನ್ನೊಂದು ಪಕ್ಕದಲ್ಲಿ ಮಾಸಿದಂತೆ ಇದ್ದರೆ ಆ ತಲೆ ನಳಿಗೆಗೆ ಚಿಕ್ಕದು. ಡೈ ಕುಗ್ಗಿಸಬಲ್ಲದೇ ಹೊರತು ಹಿಗ್ಗಿಸಲಾರದು, ಹಾಗಾಗಿ ಅಂಥ ಡಬ್ಬಿಗೆ ಇದರಿಂದ ಪ್ರಯೋಜನವಿಲ್ಲ.

ಪೆಲೆಟ್ಟನ್ನು ಡೈಯೊಳಗೆ ತಳ್ಳುವಾಗ ಎಲ್ಲ ಗುಟ್ಟೂ ತಳ್ಳುಕೋಲಿನ ತುದಿಯಲ್ಲಿದೆ. ಅದು ದುಂಡಗಿದ್ದು ಪೆಲೆಟ್ಟಿನ ಟೊಳ್ಳಿನೊಳಗೆ ಸಲೀಸಾಗಿ ಇಳಿಯಬೇಕು. ದಪ್ಪಗಾದರೆ ಸ್ಕರ್ಟಿನ (ಪೆಲೆಟ್ಟಿನ ಹಿಂದಿನ ತೆಳುವಾದ ಟೊಳ್ಳು ಭಾಗದ) ಅಂಚು ಮಡಚುತ್ತದೆ. ಸ್ಕರ್ಟನ್ನು ಅತಿಯಾಗಿ ಕುಗ್ಗಿಸಿದರೂ ಕೆಡುಕೇ. ಗಾಳಿ ಪಕ್ಕದಲ್ಲಿ ಸೋರಿ, ಗಾಳಿಯನ್ನು ಒತ್ತುವ ಪಿಸ್ಟನ್ ಎದುರೊತ್ತಡವಿಲ್ಲದೆ ತನ್ನ ದಾರಿಯ ತುದಿಗೆ ಹೋಗಿ ಬಡಿಯುತ್ತದೆ. ಹಳೆಯ ಸ್ಪ್ರಿಂಗ್ ರೈಫಲ್‌ಗೆ ಅದು ಒಳ್ಳೆಯದಲ್ಲ. ಡೈಗೆ ಎಣ್ಣೆ ಹಚ್ಚಿದ್ದರೆ ಪೆಲೆಟ್ಟನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಏಕೆಂದರೆ ಒತ್ತಡದ ಬಿಸಿಗೆ ಒಳಗೆ ಎಣ್ಣೆ ಹೊತ್ತಿಕೊಂಡರೆ ವೇಗ ಗುಂಡಿಗೊಂದು ಬಗೆಯಾಗುತ್ತದೆ.

ಫಲ? ಅಗ್ಗದ ಪೆಲೆಟ್‌ನಲ್ಲಿ ಗುಂಪಿನಿಂದ ದೂರ ಸಿಡಿಯುತ್ತಿದ್ದ ಹೊಡೆತಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು, ಗುಂಪಿನ ನಡುಭಾಗ ಮಾತ್ರ ಮೊದಲಿನಷ್ಟೇ ಇದೆ. ಜರ್ಮನ್ ಮ್ಯಾಚ್ ಪೆಲೆಟ್ಟನ್ನು ಇದರಲ್ಲಿ ಹಾಯಿಸುವುದು ಇಸ್ತ್ರಿ ಮಾಡಿದ ಪಂಚೆಗೆ ಮತ್ತೆ ಇಸ್ತ್ರಿ ಹಾಕಿದಂತೆ.

ದೂರುಗಳೂ ಇವೆ. ಮಳೆಗಾಲದಲ್ಲಿ ಒಳಮೈಗೆ ಬಲು ಬೇಗ ತುಕ್ಕು ಬರುತ್ತದೆ, ಒರೆಸಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಡದೆ ಗತಿಯಿಲ್ಲ. ಮರದ ಹಿಡಿ ಸಡಿಲವಾಯಿತು. ಆ ಅಂಗಡಿಯವರು ಫೋನಿನಲ್ಲಿ "ನಾಳೆ ಬನ್ನಿ ಸಾರ್" ಎನ್ನುತ್ತಲೇ ಇದ್ದುದರಿಂದ ಎಪಾಕ್ಸಿ ಹಾಕಿ ನಾನೇ ಕೂರಿಸಿಕೊಂಡೆ. ಕೆಲಸ ನಿಧಾನ, ಒಂದು ಡಬ್ಬಿ ಮುಗಿಸಲು ಸಂಜೆಯೇ ಬೇಕು. ಊಟದ ಮೇಜಿನ ಮೇಲೆ ಮಾಡಬೇಡಿ, ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಮಕ್ಕಳಿಂದ ದೂರವಿಡಿ. ಸೀಸ ವಿಷ.

ಮಾಡಿಸುವವರು 4.50 ಮತ್ತು 4.52ರ ಎರಡು ಡೈ ಒಟ್ಟಿಗೆ ಹೇಳಿ, ಉಕ್ಕು ಸ್ಟೇನ್‌ಲೆಸ್ ಇರಲಿ, ಪಿನ್ ಗೇಜ್ ಹಾಕಿ ತೋರಿಸುವ ತನಕ ಬಾಕಿ ಹಣ ಕೊಡಬೇಡಿ.