ಪಿನ್ನು ಮುರಿದಿರಲಿಲ್ಲ: ಟ್ರ್ಯಾಲಿ ಕೊಂಡಿಗೆ ನಾಲ್ಕು ಬಗೆಯ ಬಿಗಿ, ನಾನು ಕಂಡಂತೆ

ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುವವರಿಗೆ ಹಳ್ಳದ ಸೇತುವೆಯ ಏರು ಅಂದರೆ ಗೊತ್ತು. ಎರಡು ಟ್ರ್ಯಾಲಿ ತುಂಬಿಕೊಂಡು ಬಂದರೆ ನನ್ನ ಗಾಡಿಯನ್ನು ಅಲ್ಲಿ ಕೆಳಗಿನ ಗೇರಿಗೆ ಇಳಿಸಲೇಬೇಕು. ಮೂರು ವರ್ಷದ ಹಿಂದೆ ಜನವರಿಯ ಒಂದು ರಾತ್ರಿ ಮಾತ್ರ ಗೇರು ಬದಲಿಸದೆಯೇ ಸರ್ರನೆ ಹತ್ತಿಬಿಟ್ಟಿತು. ಡೆಕ್ಕಿನಲ್ಲಿ ಹಾಡು ಜೋರಾಗಿತ್ತು. ಎಂಜಿನ್ ಇವತ್ತು ಹದಕ್ಕೆ ಬಂದಿದೆ ಎಂದು ಖುಷಿಪಟ್ಟೆ. ಮುಂದಿನ ಚಹಾದಂಗಡಿಯವನು ಕೇಳಿದ: "ಅಣ್ಣಾ, ಹಿಂದಿಂದು ಎಲ್ಲಿ ಬಿಟ್ ಬಂದ್ರಿ?"

ಹಿಂದಿನ ಟ್ರ್ಯಾಲಿ ಎರಡು ಫರ್ಲಾಂಗು ಹಿಂದೆ ಜೋಳದ ಹೊಲಕ್ಕೆ ಇಳಿದು, ಎಳೆಯುವ ದಾಂಡಿಯನ್ನು ಮಣ್ಣಿಗೆ ನೆಟ್ಟು ನಿಂತಿತ್ತು. ಎದುರಿಗೆ ಯಾರೂ ಬಂದಿರಲಿಲ್ಲ, ಅದೊಂದು ಪುಣ್ಯ. ಬ್ಯಾಟರಿ ಹಿಡಿದು ಹುಡುಕಿದರೆ, ದಾಂಡಿಯನ್ನು ಮುಂದಿನ ಗಾಡಿಯ ಹುಕ್ಕಿಗೆ ಸೇರಿಸುವ ಪಿನ್ನು ರಸ್ತೆ ಅಂಚಿನಲ್ಲಿ ಸಿಕ್ಕಿತು. ಮುರಿದಿರಲಿಲ್ಲ, ಬಾಗಿರಲೂ ಇಲ್ಲ. ಮೇಲೆದ್ದು ಹೊರಬಿದ್ದಿತ್ತು, ಅಷ್ಟೇ.

ಅಲ್ಲಿಯವರೆಗೆ ನಾನು ದಪ್ಪ ಪಿನ್ನು ಹಾಕಿದರೆ ಸಾಕು ಅಂದುಕೊಂಡಿದ್ದವನು. ನಾಲ್ಕು ಗಾಲಿಯ ಟ್ರ್ಯಾಲಿಯ ದಾಂಡಿ ತಗ್ಗು ಬಂದಾಗಲೆಲ್ಲ ಮೇಲೆ ಕೆಳಗೆ ಆಡುತ್ತದೆ. ಅದರ ತುದಿಯ ಬಳೆ ಪಿನ್ನನ್ನು ಉಜ್ಜುತ್ತ ಪ್ರತಿ ಸಲ ಕೂದಲೆಳೆಯಷ್ಟು ಮೇಲಕ್ಕೆ ಒಯ್ಯುತ್ತದೆ. ಎಳೆತ ಬಿಗಿಯಾಗಿದ್ದಾಗ ಆ ಪಿನ್ನು ತನ್ನ ಭಾರಕ್ಕೆ ತಾನೇ ಕೆಳಗೆ ಜಾರುವುದಿಲ್ಲ. ಬೇಸಿಗೆಯಲ್ಲಿ ಗೊಬ್ಬರ ಹೊಡೆಯುವ ಎರಡು ಗಾಲಿಯದು ಇನ್ನೂ ಮೋಸ. ಭಾರ ಹಿಂದಕ್ಕೆ ಬಿದ್ದರೆ ದಾಂಡಿಯ ಮೂತಿಯೇ ಮೇಲಕ್ಕೆ ಎತ್ತುತ್ತದೆ, ಜೊತೆಗೆ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಹಿಡಿತವೂ ಹೋಗುತ್ತದೆ. ಅದರಲ್ಲಿ ಭಾರ ಅಚ್ಚಿಗಿಂತ ತುಸು ಮುಂದೆಯೇ ಇರಬೇಕು.

ಆ ರಾತ್ರಿಯ ಪಿನ್ನನ್ನು ಹಿಡಿದಿದ್ದದ್ದು ಹಳೆಯ ಟ್ಯೂಬಿನ ಪಟ್ಟಿ. ನಮ್ಮಲ್ಲಿ ಅರ್ಧಕ್ಕರ್ಧ ಗಾಡಿಗಳು ಹೀಗೇ ಓಡುತ್ತವೆ: ತಲೆ ದಪ್ಪ ಇರುವ ಸಾದಾ ಪಿನ್ನು, ಮೇಲಿನಿಂದ ಸುತ್ತಿದ ರಬ್ಬರು ಅಥವಾ ತಂತಿ. ಖರ್ಚಿಲ್ಲ, ಕತ್ತಲಲ್ಲೂ ಕೈಗೆ ಸಿಗುತ್ತದೆ. ಆದರೆ ರಬ್ಬರು ಎಳೆದರೆ ಹಿಗ್ಗುವ ವಸ್ತು. ಪಿನ್ನು ಒಂದಿಂಚು ಎದ್ದರೂ ಅದು ಸುಮ್ಮನೆ ಜೊತೆಗೆ ಬರುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮೇಲಂತೂ ಕೇಳುವುದೇ ಬೇಡ. ತಂತಿ ಹಿಗ್ಗುವುದಿಲ್ಲ, ಬದಲಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಹತ್ತನೆಯ ಸಲಕ್ಕೆ ತುಂಡಾಗುತ್ತದೆ. ಇದನ್ನು ನಾನು ಬಿಗಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮರುದಿನವೇ ಸಿಟ್ಟಿನಲ್ಲಿ ನಟ್ಟು ಬೋಲ್ಟು ಹಾಕಿಸಿದೆ. ನೋಡಲಿಕ್ಕೆ ಭದ್ರ, ಮನೆಯಲ್ಲಿ ಅಪ್ಪನಿಗೂ ಸಮಾಧಾನ. ಒಂದು ತಿಂಗಳಲ್ಲಿ ಅದರ ಎರಡು ದೋಷ ಕಂಡವು. ಬೋಲ್ಟಿನ ಥ್ರೆಡ್ಡು ಸರಿಯಾಗಿ ಬಳೆ ಉಜ್ಜುವ ಜಾಗಕ್ಕೇ ಬಂದಿತ್ತು. ಥ್ರೆಡ್ಡಿನ ಗೀರಿನಲ್ಲಿ ಉಕ್ಕು ತೆಳುವಾಗಿರುತ್ತದೆ, ಎಳೆತ ಅಲ್ಲೇ ಕೂರುತ್ತದೆ. ಬಿಚ್ಚಿ ನೋಡಿದರೆ ಹಲ್ಲುಗಳೆಲ್ಲ ಸವೆದು ಒಂದು ಕಡೆ ಚಪ್ಪಟೆಯಾಗಿದ್ದವು. ಎರಡನೆಯದು ನಮ್ಮದೇ ಸೋಮಾರಿತನ. ನಾನು ಹೋಗುವ ಕಾರ್ಖಾನೆಯಲ್ಲಿ ಒಂದೊಂದೇ ಟ್ರ್ಯಾಲಿ ತೂಕದ ಕಾಟಾದ ಮೇಲೆ ಹತ್ತಬೇಕು. ರಾತ್ರಿ ಎರಡು ಗಂಟೆಗೆ, ಹಿಂದೆ ಸಾಲು ಹಾರ್ನ್ ಹೊಡೆಯುತ್ತಿರುವಾಗ, ಎರಡು ಪಾನಾ ಹಿಡಿದು ನಟ್ಟು ತಿರುವುವವರು ಯಾರು? ಕ್ಲೀನರ್ ಹುಡುಗ ಕೈಯಿಂದ ನಾಲ್ಕು ಸುತ್ತು ತಿರುವಿ "ಆತು ಮಾಮಾ" ಅನ್ನುತ್ತಿದ್ದ. ಅದರಡಿ ನಟ್ಟು ಕಳಚದಂತೆ ತೂತಿಗೆ ತೂರಿಸಿ ಕಾಲು ಮಡಚುವ ಸ್ಪ್ಲಿಟ್ ಪಿನ್ನು ಇರಲಿಲ್ಲ. ಕುಲುಕಾಟಕ್ಕೆ ನಟ್ಟು ತಾನಾಗಿ ಇಳಿದು ಹೋಗಿದ್ದನ್ನು ಎರಡು ಸಲ ನಾನೇ ಹಿಡಿದೆ. ಯಾವಾಗಲೂ ಒಂದೇ ಟ್ರ್ಯಾಲಿ ಕಟ್ಟಿ ವಾರಗಟ್ಟಲೆ ಬಿಚ್ಚದವರಿಗೆ, ಥ್ರೆಡ್ಡು ಹುಕ್ಕಿನ ತಟ್ಟೆಯ ಕೆಳಗಷ್ಟೇ ಬರುವ ಉದ್ದನೆಯ ಬೋಲ್ಟು ಸಿಕ್ಕರೆ, ತಲೆಗೆ ಸೀಳುಗಳಿರುವ ಕಿರೀಟದ ನಟ್ಟು ಸ್ಪ್ಲಿಟ್ ಪಿನ್ನಿನೊಂದಿಗೆ ನಡೆದೀತು. ನನಗಂತೂ ಬೇಡ.

ಆಮೇಲೆ ಬಂದದ್ದು ಪಿನ್ನಿನ ಕೆಳತುದಿಗೆ ತೂತು ಕೊರೆದು ಸಿಕ್ಕಿಸುವ ಆರ್ ಕ್ಲಿಪ್ಪು, ಹೆಂಗಸರ ಕೂದಲ ಪಿನ್ನಿನ ಅಣ್ಣನಂತಿರುವುದು. ಇಲ್ಲಿಂದ ವಿಷಯ ಸರಿದಾರಿಗೆ ಬಂತು, ಯಾಕೆಂದರೆ ಪಿನ್ನನ್ನು ಕೆಳಗಿನಿಂದ ತಡೆದರೆ ಅದು ಮೇಲೇಳುವ ಮಾತೇ ಇಲ್ಲ. ಡಾಂಬರು ರಸ್ತೆಯಲ್ಲಿ ಒಂದು ದೂರೂ ಇಲ್ಲ. ಅದರ ಶತ್ರು ಇರುವುದು ಹೊಲದಲ್ಲಿ. ಕಬ್ಬು ಕಡಿದ ಹೊಲದಲ್ಲಿ ಮೊಣಕಾಲುದ್ದ ರವದಿ, ಅಂದರೆ ಕಬ್ಬಿನ ಒಣ ಎಲೆ, ನಡುವೆ ಚೂಪು ಕೂಳೆ. ಕ್ಲಿಪ್ಪಿನ ತೆರೆದ ಕಾಲಿಗೆ ರವದಿ ಸಿಕ್ಕಿಕೊಂಡು ಎಳೆದರೆ ಕ್ಲಿಪ್ಪು ಮೆಲ್ಲಗೆ ಬಿಚ್ಚಿಕೊಂಡು ಬಿದ್ದುಹೋಗುತ್ತದೆ. ಒಂದು ಹಂಗಾಮಿನಲ್ಲಿ ಹೀಗೆ ಕಳಕೊಂಡವು ಒಂಬತ್ತು. ಹೊಲದಿಂದ ರಸ್ತೆಗೆ ಹತ್ತುವ ಮೊದಲು ಇಳಿದು ನೋಡುವ ಚಾಳಿ ಬಂದದ್ದು ಮಾತ್ರ ಈ ಕ್ಲಿಪ್ಪಿನ ದೆಸೆಯಿಂದ.

ಈಗ ಎರಡು ಹಂಗಾಮಿನಿಂದ ಲಿಂಚ್ ಪಿನ್ನು. ಗಿಡ್ಡ ಮೊಳೆಯಂಥ ದೇಹ, ತಲೆಗೆ ಸ್ಪ್ರಿಂಗಿನಂತೆ ಮಡಚುವ ಬಳೆ. ತೂತಿಗೆ ತೂರಿಸಿ ಬಳೆ ಮಡಚಿದರೆ ಟಕ್ ಎಂದು ಪಿನ್ನನ್ನೇ ಅಪ್ಪಿಕೊಂಡು ಕೂರುತ್ತದೆ; ರವದಿಗೆ ಸಿಗುವ ತೆರೆದ ತುದಿ ಇಲ್ಲ. ಆ ಟಕ್ ಶಬ್ದವೇ ನನಗೆ ಇದರ ದೊಡ್ಡ ಗುಣ. ಕತ್ತಲಲ್ಲಿ, ಎಣ್ಣೆಗೈಯಲ್ಲಿ, ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಟಕ್ ಅನ್ನದೆ ಬಳೆ ಲೊಡಲೊಡ ಆಡಿತೆಂದರೆ ಸ್ಪ್ರಿಂಗು ಸತ್ತಿದೆ, ಬಿಸಾಡಿ ಹೊಸದು ಹಾಕಬೇಕು. ನೇಗಿಲು, ರೆಂಟೆ ಎತ್ತುವ ಟ್ರ್ಯಾಕ್ಟರಿನ ಕೆಳತೋಳುಗಳಿಗೆ ಹಾಕುವುದೂ ಇದನ್ನೇ, ಆದ್ದರಿಂದ ಬಿಡಿಭಾಗದ ಅಂಗಡಿಯಲ್ಲಿ ಯಾವಾಗಲೂ ಸಿಗುತ್ತದೆ.

ತೋಳುಗಳ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಹುಕ್ಕು ಸವೆದಿದೆ ಎಂದು ಕೆಲವರು ಟ್ರ್ಯಾಲಿಯನ್ನು ಆ ತೋಳುಗಳ ನಡುವಿನ ತೂತಿನ ಪಟ್ಟಿಗೆ ಕಟ್ಟುತ್ತಾರೆ. ಹೈಡ್ರಾಲಿಕ್ ಲಿವರಿಗೆ ಕೈ ತಾಗಿದರೆ ಮೂತಿಯೇ ಮೇಲೇಳುತ್ತದೆ. ಅದಕ್ಕಿಂತ ಅಪಾಯ ಮೇಲಿನ ತೋಳು ಸಿಕ್ಕಿಸುವ ಜಾಗಕ್ಕೆ ಸರಪಳಿ ಕಟ್ಟಿ ಎಳೆಯುವುದು. ಎಳೆತ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಬಿದ್ದರೆ ಟ್ರ್ಯಾಕ್ಟರು ಮುಂದಿನ ಗಾಲಿ ಎತ್ತಿ ಹಿಂದಕ್ಕೆ ಮಗುಚುತ್ತದೆ, ಚಾಲಕನಿಗೆ ಜಿಗಿಯುವಷ್ಟು ಹೊತ್ತೂ ಇರುವುದಿಲ್ಲ.

ಪಿನ್ನಿನ ಜೊತೆಗೆ ಸರಪಳಿಯೂ ಬೇಕು ಎಂದು ಹಟ ಹಿಡಿದದ್ದು ಕ್ಲೀನರ್ ಹುಡುಗ. ಮೊದಲು ಗುಜರಿಯಲ್ಲಿ ಸಿಕ್ಕ ಹಳೆಯ ಕ್ರೇನ್ ಹಗ್ಗ ಕಟ್ಟಿದೆವು. ಉಕ್ಕಿನ ಹಗ್ಗದ ಎಳೆಗಳು ಒಳಗೊಳಗೇ ತುಂಡಾಗಿರುತ್ತವೆ, ಮೇಲೆ ಕಾಣುವುದಿಲ್ಲ; ಕಂಡವು ನನ್ನ ಅಂಗೈಗೆ ಚುಚ್ಚಿದ ಮೇಲೆ. ಅದನ್ನು ತೆಗೆದು 10 ಎಂಎಂ ಕೊಂಡಿಯ ಎರಡು ಸರಪಳಿ ತಂದೆ. ಅವನ್ನು ಪಿನ್ನಿಗೆ ಕಟ್ಟಬಾರದು. ಪಿನ್ನು ಹೋದರೆ ಸರಪಳಿಯೂ ಹೋಯಿತು. ಹುಕ್ಕಿನ ಬದಿಯ ಬೇರೆ ತೂತಿಗೆ ಶ್ಯಾಕಲ್, ಅಂದರೆ ಅಡ್ಡ ಬೋಲ್ಟಿರುವ ಯು ಆಕಾರದ ಕೊಂಡಿ, ಹಾಕಿದೆ.

ನೇರ ಕಟ್ಟುವುದೋ, ಅಡ್ಡ ದಾಟಿಸಿ ಕಟ್ಟುವುದೋ ಎಂದು ವಾದ ಬಂತು. ಖಾಲಿ ಟ್ರ್ಯಾಲಿ ಕಟ್ಟಿಕೊಂಡು ಸಮತಟ್ಟು ಹೊಲದಲ್ಲಿ, ನಡಿಗೆಯ ವೇಗದಲ್ಲಿ, ಪಿನ್ನು ಇಲ್ಲದೆ ಬರೀ ಸರಪಳಿಯ ಮೇಲೆ ಎಳೆದು ನೋಡಿದೆ. ನೇರ ಕಟ್ಟಿದಾಗ ದಾಂಡಿ ಎರಡು ಸರಪಳಿಯ ನಡುವಿನಿಂದ ಕೆಳಗೆ ಬಿದ್ದು ರೆಂಟೆಯಂತೆ ನೆಲ ಸೀಳಿತು. ದಾಂಡಿಯ ಅಡಿಯಲ್ಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ದಾಟಿಸಿದಾಗ ಮೂತಿ ಜೋಳಿಗೆಯಲ್ಲಿ ಕೂತಂತೆ ನೆಲದಿಂದ ಒಂದು ಗೇಣು ಮೇಲೆಯೇ ನಿಂತಿತು. ಉದ್ದ ಮಾತ್ರ ನೋಡಿಕೊಳ್ಳಬೇಕು. ಪೂರ್ತಿ ತಿರುವಿನಲ್ಲಿ ಬಿಗಿಯಬಾರದು, ನೇರ ಓಟದಲ್ಲಿ ನೆಲಕ್ಕೆ ತಾಗಬಾರದು.

ತುಂಬಿದ ಟ್ರ್ಯಾಲಿ ಇಳಿಜಾರಿನಲ್ಲಿ ಕಳಚಿದರೆ ಸರಪಳಿ ಅದನ್ನು ಎದುರಿನವರ ಮೇಲೆ ಹೋಗದಂತೆ ಹಿಡಿದೀತು, ಆದರೆ ಅದು ಟ್ರ್ಯಾಕ್ಟರಿಗೇ ಬಂದು ಗುದ್ದುತ್ತದೆ. ನಮ್ಮ ಟ್ರ್ಯಾಲಿಗಳಿಗೆ ಬ್ರೇಕು ಎಲ್ಲಿದೆ? ಅದಕ್ಕೇ ಇಳಿಜಾರಿಗೆ ಮೊದಲೇ ಗೇರು ಇಳಿಸಿಕೊಳ್ಳುತ್ತೇನೆ, ನ್ಯೂಟ್ರಲ್ ಮಾಡುವುದಿಲ್ಲ. ಎಡ ಬಲ ಬ್ರೇಕ್ ಪೆಡಲುಗಳ ಚಿಲಕ ಹಾಕಿಯೇ ರಸ್ತೆಗೆ ಹತ್ತುತ್ತೇನೆ. ಒಂದೇ ಪೆಡಲು ಒತ್ತಿಬಿಟ್ಟರೆ ಗಾಡಿ ಆ ಕಡೆಗೇ ತಿರುಗಿ ಹಿಂದಿನ ಭಾರ ಮಡಚಿಕೊಂಡು ಬರುತ್ತದೆ.

ಲಿಂಚ್ ಪಿನ್ನಿಗೆ ಒಂದೇ ಕಾಟ. ಯಾರ್ಡಿನಲ್ಲಿ ಸಾಲಿಗೆ ನಿಲ್ಲಿಸಿ ಮಲಗಿದರೆ ಬೆಳಿಗ್ಗೆ ಯಾರೋ ಕಿತ್ತುಕೊಂಡಿರುತ್ತಾರೆ, ಈ ಹಂಗಾಮಿನಲ್ಲೇ ನಾಲ್ಕು ಹೋದವು. ಟೂಲ್ ಬಾಕ್ಸಿನಲ್ಲಿ ಒಂದು ಡಜನ್ ತಂತಿಗೆ ಪೋಣಿಸಿ ಇಟ್ಟಿದ್ದೇನೆ.