ಗೀಸರ್‌ಗೆ ಯಾವ ವೈರ್: ಒಂದೂವರೆಯಾ, ಎರಡೂವರೆಯಾ, ನಾಲ್ಕಾ?

ನಮ್ಮ ಮನೆಯಲ್ಲಿ ಮೂರೂ ಅಳತೆಯ ತಾಮ್ರದ ವೈರ್ ಗೀಸರ್‌ಗೆ ಓಡಿವೆ. ಹಳೇ ಬಚ್ಚಲಿಗೆ 1.5 ಸ್ಕ್ವೇರ್ ಎಂಎಂ, ಮಹಡಿಗೆ 2.5, ಇನ್‌ಸ್ಟಂಟ್ ಗೀಸರ್‌ಗೆ 4. ನನ್ನ ವೋಟು 2.5ಕ್ಕೆ. ಆದರೆ ಎಲ್ಲ ಕಡೆಗೂ ಅಲ್ಲ.

2000 ವ್ಯಾಟ್‌ನ ಸ್ಟೋರೇಜ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 1.5 ಅದನ್ನು ತಡೆದುಕೊಳ್ಳುತ್ತದೆ, ಸುಳ್ಳಲ್ಲ. ತೊಂದರೆ ಇರುವುದು ಗೋಡೆಯೊಳಗಿನ ಪೈಪಿನಲ್ಲಿ. ಅದೇ ಪೈಪಿನಲ್ಲಿ ಇನ್ನೂ ಎರಡು ಲೈನ್ ತುರುಕಿದ್ದರೆ ಬಿಸಿ ಹೋಗಲು ಜಾಗವೇ ಇಲ್ಲ. ವೈರಿನ ಮಾಮೂಲಿ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಹಳೇ ಬಚ್ಚಲಿನ ಬೋರ್ಡ್ ಬಿಚ್ಚಿಸಿದಾಗ ಟರ್ಮಿನಲ್ ಹತ್ತಿರ ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು, ಬಗ್ಗಿಸಿದರೆ ಚಟ್ ಅಂತ ಬಿರುಕು ಬಿಟ್ಟಿತು. ಅಲ್ಲಿ ಸ್ಕ್ರೂ ಕೂಡ ಸಡಿಲವಾಗಿತ್ತು. ಹಾಗಾಗಿ ಎಲ್ಲ ತಪ್ಪನ್ನೂ ವೈರ್ ತಲೆಗೆ ಕಟ್ಟುವುದಿಲ್ಲ. ಆದರೂ 1.5 ದೀಪ, ಫ್ಯಾನಿಗೇ ಇರಲಿ.

ಇನ್‌ಸ್ಟಂಟ್ ಗೀಸರ್ 3000 ವ್ಯಾಟ್, ಅಂದರೆ 13 ಆಂಪಿಯರ್. ಮೇನ್ ಬೋರ್ಡ್‌ನಿಂದ ಗೀಸರ್ 15 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಹೋಗಿಬರುವ ದಾರಿಯಲ್ಲಿ 1.5 ವೈರ್ ಸುಮಾರು 67 ವ್ಯಾಟ್ ಸುಮ್ನೆ ಬಿಸಿಯಾಗಿ ಕಳೆಯುತ್ತದೆ. 2.5ರಲ್ಲಿ 40, 4ರಲ್ಲಿ 25. ಕರೆಂಟ್ ಬಿಲ್‌ಗೆ ಇದು ದೊಡ್ಡದಲ್ಲ. ಆದರೆ ಆ ಬಿಸಿಯೆಲ್ಲ ಗೋಡೆಯೊಳಗೇ ಕೂರುತ್ತದೆ ಅಲ್ವಾ?

ಹಾಗಾದರೆ ಎಲ್ಲದಕ್ಕೂ 4 ಹಾಕಿಬಿಡೋಣ ಅನಿಸುತ್ತದೆ. ತಾಮ್ರ ಜಾಸ್ತಿ, ದುಡ್ಡೂ ಜಾಸ್ತಿ; ಅದಿರಲಿ. 4 ದಪ್ಪ. ಬೆಂಡ್‌ಗಳಲ್ಲಿ ಎಳೆಯುವಾಗ ಇಬ್ಬರು ಬೇಕಾಯಿತು. ಸಾಕೆಟ್ ತೂತಿಗೆ ಹೋಗದಾಗ ಕೆಲವರು ಏನು ಮಾಡುತ್ತಾರೆ ಗೊತ್ತಾ? ತುದಿಯಲ್ಲಿ ನಾಲ್ಕಾರು ಎಳೆ ಕತ್ತರಿಸಿ ತುರುಕುತ್ತಾರೆ. ಆಗ 4 ಕೊಂಡ ಲಾಭ ಅಲ್ಲೇ ಹೋಯಿತು, ಬಿಸಿಯಾಗುವುದೂ ಅದೇ ಜಾಗ. ಇನ್‌ಸ್ಟಂಟ್ ಗೀಸರ್ ಇದ್ದು ದೂರವೂ ಜಾಸ್ತಿ ಇದ್ದರೆ ಮಾತ್ರ 4. ಮಹಡಿಯ ಸ್ಟೋರೇಜ್ ಗೀಸರ್‌ನ 2.5 ಅರ್ಧ ಗಂಟೆ ಓಡಿದರೂ ಪ್ಲಗ್ ತಣ್ಣಗಿದೆ.

ವೈರ್ ಹೊದಿಕೆಯಲ್ಲಿ ಎಫ್ಆರ್ (ಬೆಂಕಿ ಬೇಗ ಹರಡದ್ದು) ಗಿಂತ ಎಫ್ಆರ್‌ಎಲ್‌ಎಸ್ (ಅದರ ಜೊತೆಗೆ ಕಡಿಮೆ ಹೊಗೆಯದ್ದು) ಸ್ವಲ್ಪ ದುಬಾರಿ. ಸುಟ್ಟರೆ ಹೊಗೆ ಕಡಿಮೆ, ಅದೇ ಮುಖ್ಯ ವ್ಯತ್ಯಾಸ. ಕಿಟಕಿ ಸಣ್ಣದಿರುವ ಬಚ್ಚಲಿಗೆ ನಾನು ಅದನ್ನೇ ಹಾಕಿಸಿದೆ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಅದರ ವಿಷಯದಲ್ಲಿ ಎಲೆಕ್ಟ್ರಿಷಿಯನ್ ಜೊತೆ ಜಗಳವೇ ಆಯಿತು. ಟ್ರಿಪ್ ಕಾಟ ಬೇಡ, 32 ಆಂಪಿಯರ್ ಹಾಕೋಣ ಅಂದರು. 2.5 ವೈರ್‌ಗೆ 32 ಹಾಕಿದರೆ ವೈರ್ ಬೆಂದರೂ ಅದು ಬೀಳುವುದಿಲ್ಲ. ಕೊನೆಗೆ 16 ಹಾಕಿಸಿದೆ. ಬೋರ್‌ವೆಲ್ ನೀರಿನ ಗಡಸಿಗೆ ನಮ್ಮ ಕಡೆ ಹೀಟಿಂಗ್ ಎಲಿಮೆಂಟ್ ಬೇಗ ತೂತು ಬೀಳುತ್ತದೆ, ನೀರಿಗೆ ಕರೆಂಟ್ ಸೋರುತ್ತದೆ. ಅದಕ್ಕೆ ಹಸಿರು ಎರ್ತ್ ವೈರನ್ನೂ 2.5ರಲ್ಲೇ ಎಳೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಕೂರಿಸಿದ್ದೇನೆ.